ಕುತ್ತಿಗೆಯಿಲ್ಲದ ಅಂಗಿ

ಈ ಮನೆಯಲ್ಲಿ ಸೂಜಿ ದಾರ ಇರುವ ತನಕ ನಿನ್ನನ್ನು ಬರಿಮೈಯಲ್ಲಿ ಬಿಡುವುದಿಲ್ಲ ಎಂದು ಅತ್ತೆ ಬಹಳ ಹಿಂದೆ, ಮಗ ಇನ್ನೂ ತೊಟ್ಟಿಲಲ್ಲಿದ್ದಾಗ, ಮಾತು ಕೊಟ್ಟಿದ್ದರು. ಕೊಟ್ಟದ್ದು ಆ ಮಗನಿಗಲ್ಲ, ಗಂಡನಿಗೂ ಅಲ್ಲ. ಹಿಂದಿನ ಕೋಣೆಯಲ್ಲಿ ಇದ್ದದ್ದಕ್ಕೆ.

"ಇದ್ದದ್ದು ಅಂದ್ರೆ ಏನತ್ತೆ, ಇಲಿಯಾ?" ಎಂದು ಸೊಸೆ ಕೇಳಿದಳು. ಅವಳ ಕೈಯಲ್ಲಿ ಕಸದ ದೊಡ್ಡ ಕಪ್ಪು ಚೀಲವಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರಿಂದ ನಕ್ಕದ್ದು ಕಾಣಲಿಲ್ಲ, ಕೇಳಿಸಿತು.

ಮಂಚದ ಮೇಲೆ ಮಲಗಿದ್ದ ಅತ್ತೆ ನಗಲಿಲ್ಲ. ಲಕ್ವ ಹೊಡೆದ ಬಲಗೈ ಎದೆಯ ಮೇಲೆ ಬೇರೆಯವರ ಕೈಯಂತೆ ಬಿದ್ದಿತ್ತು. "ಆ ಕೋಣೆ ಬಾಗಿಲ ಹಿಂದೆ, ಮೊಳೆಗೆ ಒಂದು ಚೀಲ ಇದೆ. ಮನೆ ಪೂರ್ತಿ ಬೇಕಾದ್ರೆ ಬಿಸಾಕು ಮಗಾ. ನನ್ನೂ ಬಿಸಾಕು. ಅದೊಂದು ಇರ್ಲಿ."

ಅದೊಂದು ಇರಲಿ. ಸೊಸೆ ಈ ಮಾತಿಗಾಗಿಯೇ ಕಾಯುತ್ತಿದ್ದವಳಂತೆ ತಲೆಯಾಡಿಸಿದಳು. ಸರಳವಾಗಿ ಬದುಕುವುದು ಹೇಗೆಂದು ಅವಳು ಬಸ್ಸಿನಲ್ಲಿ ನಿಂತು ನೋಡುತ್ತಿದ್ದ ವಿಡಿಯೋಗಳಲ್ಲಿ, ಬಿಳಿ ಗೋಡೆಯ ಮುಂದೆ ಬಿಳಿ ಅಂಗಿ ತೊಟ್ಟು ಕೂರುವ ಒಬ್ಬ ಹೆಂಗಸು ಇದನ್ನೇ ಹೇಳಿದ್ದಳು. ಪ್ರತಿ ಮನೆಯಲ್ಲೂ ಒಂದು 'ಅದೊಂದು ಇರಲಿ' ಇರುತ್ತದೆ. ಉಳಿದ ಕಸವೆಲ್ಲ ಅದರ ಸೆರಗು ಹಿಡಿದೇ ನಿಂತಿರುತ್ತದೆ. ಅದರಿಂದಲೇ ಶುರು ಮಾಡಿ.

ಸೊಸೆ ಅದರಿಂದಲೇ ಶುರು ಮಾಡಿದಳು.

ಅವಳನ್ನು ತಪ್ಪು ಅನ್ನುವವರು ಆ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು. ಮೂರು ಕೋಣೆ. ಮುಂದಿನದರಲ್ಲಿ ಅತ್ತೆ, ನಡುವಿನದರಲ್ಲಿ ಗಂಡ ಹೆಂಡತಿ ಮಗಳು, ಹಿಂದಿನದರಲ್ಲಿ ಸಾಮಾನು ಎಂದು ಹೇಳಿಕೊಳ್ಳುವುದು. ನಿಜಕ್ಕೂ ಮೂರರಲ್ಲೂ ಇದ್ದದ್ದು ಸಾಮಾನೇ, ಮನುಷ್ಯರು ಸಂದಿಗೊಂದಿಗಳಲ್ಲಿದ್ದರು. ಅತ್ತೆ ಜೀವಮಾನವಿಡೀ ಬಟ್ಟೆ ಹೊಲಿದವರು, ಬೀದಿಗೆಲ್ಲ ಟೈಲರಮ್ಮ. ಕೈಗೆ ಬಂದದ್ದನ್ನು ಹೊರಗೆ ಹಾಕಿದವರಲ್ಲ. ಚೂರುಬಟ್ಟೆಯ ಮೂಟೆಗಳು, ಡಬ್ಬಿಯಿಲ್ಲದ ಮುಚ್ಚಳ, ಮುಚ್ಚಳವಿಲ್ಲದ ಡಬ್ಬಿ, ಒಂಟಿ ಗುಂಡಿಗಳ ಸೀಸೆ, ಯಾರೋ ಮೋಟು ಮಾಡಲು ಕೊಟ್ಟು ಮರೆತೇಹೋದ ಪ್ಯಾಂಟುಗಳು. ಅವರಿಗೆ ಕೈ ಬಿದ್ದುಹೋಗಿ ನೋಡಿಕೊಳ್ಳುವವರು ಬೇಕಾದಾಗ ಈ ಮೂವರು ತಮ್ಮ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದಿದ್ದರು. ಬಂದ ದಿನದಿಂದ ಸೊಸೆಯ ಕಾಲಿನ ಕಿರುಬೆರಳು ಹೊಲಿಗೆ ಮಿಷನ್ನಿನ ಕಬ್ಬಿಣದ ಕಾಲಿಗೆ ತಗುಲಿ ತಗುಲಿ ಬಣ್ಣವನ್ನೇ ಬದಲಿಸಿಕೊಂಡಿತ್ತು.

ಅವಳಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಕು ಹರಿಯುವ ಮುಂಚೆ ಎದ್ದು, ಅತ್ತೆಗೆ ಒರೆಸಿ, ಉಣಿಸಿ, ಮಗಳ ಒಂದು ಕಾಲುಚೀಲ ಸಿಕ್ಕರೆ ಇನ್ನೊಂದು ಸಿಗದೆ, ಮೂಟೆಗಳ ನಡುವೆ ಮೊಣಕಾಲೂರಿ ಹುಡುಕುವಾಗ ಅವಳಿಗೆ ಅಳು ಬರುತ್ತಿರಲಿಲ್ಲ, ಬೆಂಕಿಕಡ್ಡಿ ಗೀರಬೇಕೆನ್ನಿಸುತ್ತಿತ್ತು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರಿನವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸುವವನು ತಾಯಿ ಹೆಂಡತಿಯ ನಡುವೆ ಮಾತ್ರ ಎರಡು ಮಹಡಿಯ ಮಧ್ಯೆ ಕೆಟ್ಟು ನಿಂತಿರುತ್ತಿದ್ದ. ಇಬ್ಬರೂ ಕೂಗಿದರೂ ಬಾಗಿಲು ತೆರೆಯುತ್ತಿರಲಿಲ್ಲ.

ಹಿಂದಿನ ಕೋಣೆಗೆ ಕಿಟಕಿಯಿರಲಿಲ್ಲ. ಬಲ್ಬು ಸುಟ್ಟು ಎಷ್ಟು ಕಾಲವಾಗಿತ್ತೋ. ಸೊಸೆ ಮೊಬೈಲಿನ ಬೆಳಕು ಹಿಡಿದು ಬಾಗಿಲ ಹಿಂದೆ ಸರಿದಳು. ಮಿಷನ್ ಎಣ್ಣೆಯ ವಾಸನೆ, ಸೀಮೆಸುಣ್ಣದ ವಾಸನೆ, ಅದರಡಿಯಲ್ಲಿ ಇನ್ನೊಂದು: ಎಳೆಗೂಸಿನ ನೆತ್ತಿಯದು, ಆದರೆ ಹುಳಿತದ್ದು.

ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ದಾರಗಳು. ಅತ್ತೆಗೆ ಓದುಬರಹ ಇರಲಿಲ್ಲ. ಅಳತೆಯನ್ನು ದಾರದಲ್ಲಿ ಇಡುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ದಾರ. ಭುಜಕ್ಕೊಂದು ಗಂಟು, ಎದೆಗೊಂದು, ಸೊಂಟಕ್ಕೊಂದು, ತೋಳಿಗೊಂದು. ಕಣ್ಣು ಮುಚ್ಚಿ ದಾರದ ಮೇಲೆ ಬೆರಳಾಡಿಸಿ, ಇವಳು ಎಡಭುಜ ಇಳಿಸಿ ನಡೆಯುತ್ತಾಳೆ, ಇವಳಿಗೆ ಈಗ ತಿಂಗಳು ತುಂಬಿದೆ ಎನ್ನುತ್ತಿದ್ದರಂತೆ. ಆ ದಾರಗಳನ್ನು ಸೊಸೆ ಜೇಡರಬಲೆ ಬಳಿದಂತೆ ಬಳಿದು ಕಪ್ಪು ಚೀಲಕ್ಕೆ ತುಂಬಿದಳು.

ಕೊನೆಯ ಮೊಳೆಯಲ್ಲಿ ಬಟ್ಟೆಚೀಲ. ಒಳಗೆ ಒಂದು ಅಂಗಿ, ಅದಕ್ಕೆ ಸುತ್ತಿದ ಗೇಣುದ್ದದ ಕರಿದಾರ. ಅಂಗಿ ಬೆಕ್ಕಿನ ಮರಿಗೆ ಹೊಲಿದಷ್ಟು ಚಿಕ್ಕದು; ತೋಳುಗಳು ಮಾತ್ರ ಅಂಗಿಗಿಂತ ಉದ್ದ. ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಏನೋ ಇಲ್ಲ ಅನ್ನಿಸುತ್ತಿತ್ತು, ಏನೆಂದು ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಕುತ್ತಿಗೆ ಇರಲಿಲ್ಲ. ತಲೆ ಹೊರಬರಬೇಕಾದ ಕಡೆ ಬಟ್ಟೆಯನ್ನು ಮಡಚಿ, ಸಾಲಿನ ಮೇಲೆ ಸಾಲು ಹೊಲಿಗೆ ಹಾಕಿ ಬಿಗಿದಿದ್ದರು.

ಒಳಕ್ಕೆ ಕೈ ಹಾಕಿದಳು. ಆಗತಾನೆ ಯಾರೋ ಕಳಚಿಟ್ಟಂತೆ ಬೆಚ್ಚಗಿತ್ತು.

ಗೋಡೆಯ ಆಚೆ ಬಚ್ಚಲಿನ ಬಿಸಿನೀರಿನ ಕೊಳವೆ ಇದೆ, ಅದರ ಕಾವು ಎಂದುಕೊಂಡಳು. ಬಸಿರಲ್ಲಿ ಹೋದ ಕೂಸು ಯಾವುದೋ ಇದ್ದಿರಬೇಕು, ಪಾಪ, ಮುದುಕಿಯ ಮನಸ್ಸು ಎಂದೂ ಅಂದುಕೊಂಡಳು. ಪಾಪ ಎಂದದ್ದು ನಿಜ. ಅಂಗಿಯನ್ನು ದಾರಗಳ ಮೇಲೆ ಒಗೆದು ಕಪ್ಪು ಚೀಲದ ಬಾಯಿ ಬಿಗಿದದ್ದೂ ನಿಜ. ಬರಿದಾದ ಬಟ್ಟೆಚೀಲವನ್ನು ಮಾತ್ರ, ಮುದುಕಿ ಯಾವಾಗಲಾದರೂ ಇಣುಕಿದರೆ ಇರಲಿ ಎಂದು, ಮೊಳೆಯಲ್ಲೇ ಬಿಟ್ಟಳು.

ಗುಜರಿಯವನು ಎರಡು ಸಲ ಗಾಡಿ ತಂದ. ಟೈಲರಮ್ಮನ ಅರಮನೆಯನ್ನೇ ಖಾಲಿ ಮಾಡಿಸುತ್ತಿದ್ದೀರಲ್ಲ ತಾಯಿ, ಕೊನೆಗೆ ಗೋಡೆನೂ ಕೊಟ್ಟುಬಿಡಿ ಎಂದು ನಗಿಸಿದ. ಮಿಷನ್ ಹೋಯಿತು, ಕತ್ತರಿಗಳು ಹೋದವು, ಕಪಾಟಿನ ಮೇಲಿದ್ದ ಯಾರೂ ಉಡದ ಹೊಸ ಬಟ್ಟೆಯ ತಾನುಗಳೂ ಹೋದವು. ಕಪ್ಪು ಚೀಲಗಳನ್ನು ಕಸದ ಲಾರಿ ಒಯ್ದಿತು. ಆ ಭಾನುವಾರ ಹಿಂದಿನ ಕೋಣೆಯ ಬರಿ ನೆಲದ ಮೇಲೆ ಮಗಳು ಕೈ ಚಾಚಿ ಗಿರಗಿರ ತಿರುಗಿದಳು. ವಯಸ್ಸಿಗೆ ಮೀರಿ ಉದ್ದ ಬೆಳೆಯುತ್ತಿದ್ದ ಹುಡುಗಿ. ಅಪ್ಪ ಅವಳನ್ನು ಏಣಿ ಎಂದೇ ಕರೆಯುತ್ತಿದ್ದ. ಏಣಿ ನಗುತ್ತ ತಿರುಗುವುದನ್ನು ನೋಡಿ ಸೊಸೆ ಬಹಳ ದಿನಗಳ ಮೇಲೆ ಉಸಿರನ್ನು ಪೂರ್ತಿ ಎಳೆದುಕೊಂಡಳು.

ಆ ಉಸಿರು ಎದೆಯಲ್ಲಿ ನಿಲ್ಲಲಿಲ್ಲ. ಚಳಿ ಹತ್ತಿರವಾಗುತ್ತಿದ್ದಂತೆ ಅತ್ತೆ ಹೊಸ ರಾಗ ಹಿಡಿದರು. ಚಳಿ ಬೀಳುವ ಮೊದಲು ಹೊಸ ಅಂಗಿ ಹೊಲಿದು ಆ ಚೀಲಕ್ಕೆ ಹಾಕಬೇಕು. ಪ್ರತಿ ವರ್ಷ ಹಾಕಿದ್ದಾರೆ. ಈ ವರ್ಷ ಕೈ ಇಲ್ಲ, ಸೊಸೆಯೇ ಹೊಲಿಯಬೇಕು. ಕರಿದಾರದ ಅಳತೆಗೆ. ಬಟ್ಟೆ ಹೊಸದಿರಬೇಕು, ಯಾರ ಮೈಯನ್ನೂ ಸೋಕಿರಬಾರದು. ಉಣಿಸುವಾಗ ಇದೇ ಮಾತು, ಒರೆಸುವಾಗ ಇದೇ ಮಾತು. ಲ್ಯಾಬಿನಲ್ಲಿ ನಿಂತು ನಿಂತು ಕಾಲು ಕಂಬವಾಗಿ ಮನೆಗೆ ಬಂದರೆ ಬಾಗಿಲಲ್ಲೇ ಇದೇ ಮಾತು. ಹೊಲಿಯಲು ಮಿಷನ್ ಇಲ್ಲ, ಕರಿದಾರ ಇಲ್ಲ, ಬಟ್ಟೆಯ ತಾನು ಇಲ್ಲ ಎಂದು ಹೇಳುವ ಧೈರ್ಯ ಅವಳಿಗಿರಲಿಲ್ಲ. ಹೇಳಿದರೆ ಇನ್ನೊಂದು ರಾಮಾಯಣ.

ಒಂದು ಸಂಜೆ ಅವಳಿಗೆ ಸಾಕಾಯಿತು. ಕೊಟ್ಟುಬಿಡುವ ಬಟ್ಟೆಗಳ ಗುಡ್ಡೆಯಿಂದ ಏಣಿಗೆ ಎಂದೋ ಗಿಡ್ಡವಾಗಿದ್ದ ಹಳದಿ ಫ್ರಾಕೊಂದನ್ನು ಎಳೆದಳು. ಮೂರು ತುಂಬಿದಾಗಿನದು, ಬೆನ್ನ ಮೇಲೆ ಟಿಚ್ ಬಟನ್ನುಗಳದು. ಅದನ್ನು ಮಡಚಿ ಮೊಳೆಯ ಚೀಲಕ್ಕೆ ತುರುಕಿ ಬಂದಳು. ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಚಿಕ್ಕದಾದದ್ದು ಯಾರಿಗಾದರೂ ಹೋಗಲೇಬೇಕು.

"ಹಾಕಿದ್ದೀನಿ ಅತ್ತೆ."

"ಹೊಸದಾ?"

"ಹೊಸದೇ."

"ಕುತ್ತಿಗೆ ಮುಚ್ಚಿದೀಯಾ?"

"ಎಲ್ಲಾ ಮುಚ್ಚಿದೀನಿ. ಇನ್ನು ನೀವೂ ಬಾಯಿ ಮುಚ್ಚಿ ಮಲಗಿ."

ಅತ್ತೆಗೆ ಕೋಪ ಬರಲಿಲ್ಲ. ಎಡಗೈಯನ್ನು ತಡಕಾಡಿ ತಂದು ಸೊಸೆಯ ತಲೆಯ ಮೇಲಿಟ್ಟರು. ಕಣ್ಣಿಂದ ನೀರು ಕಿವಿಗೆ ಇಳಿಯಿತು. ಸೊಸೆಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಸ್ವಲ್ಪ ದಿನಕ್ಕೆ ಹಿಂದಿನ ಕೋಣೆಯಲ್ಲಿ ಸದ್ದು ಶುರುವಾಯಿತು. ಟಿಚ್. ಟಿಚ್. ಟಿಚ್. ಒಂದಾದ ಮೇಲೊಂದು, ಸಾವಧಾನವಾಗಿ, ಕಲಿಯುತ್ತಿರುವ ಬೆರಳಿನಂತೆ. ಹಲ್ಲಿ ಎಂದ ಗಂಡ. ಆಮೇಲೆ ಚೀಲದಲ್ಲಿ ಫ್ರಾಕು ಇರಲಿಲ್ಲ. ನೀವು ಯಾರಿಗಾದರೂ ಕೊಟ್ಟಿರಾ ಎಂದು ಅವಳು ಕೇಳಿದಳು. ಈ ಮನೆಯಿಂದ ಏನಾದರೂ ಹೊರಗೆ ಹೋಗಿದ್ದರೆ ಅದು ನಿನ್ನ ಕೈಯಿಂದಲೇ, ನಾಳೆ ನಾನೂ ಕಾಣದಿದ್ದರೆ ಗುಜರಿಯಲ್ಲಿ ಹುಡುಕಬೇಕಾದೀತು ಎಂದು ಅವನು ಕುಟುಕಿದ.

ಅದೇ ವಾರ ಏಣಿಯ ಶಾಲೆಯ ಬೂಟು ಸಡಿಲವಾಯಿತು. ಅಳತೆ ತಪ್ಪಿ ಕೊಟ್ಟಿದ್ದಾನೆಂದು ಸೊಸೆ ಅಂಗಡಿಗೆ ಹೋಗಿ ಜಗಳ ತೆಗೆದಳು. ಮೇಡಂ, ಮಕ್ಕಳ ಕಾಲು ದೊಡ್ಡದಾಗುವುದನ್ನು ನೋಡಿದ್ದೇನೆ, ಬೂಟು ದೊಡ್ಡದಾಗುವುದನ್ನು ಮಾತ್ರ ಕಂಡಿಲ್ಲ ಎಂದ ಅಂಗಡಿಯವ. ಸುತ್ತಲಿನವರು ನಕ್ಕರು. ಆಮೇಲೆ ಸಮವಸ್ತ್ರದ ಹೆಗಲು ಜಾರತೊಡಗಿತು. ಆಮೇಲೆ ಬಚ್ಚಲಿನ ದೀಪದ ಗುಂಡಿ ಏಣಿಗೆ ಎಟುಕದಾಯಿತು. ತುದಿಗಾಲಲ್ಲಿ ನಿಂತು, ಎಟುಕದೆ, ಕತ್ತಲಲ್ಲೇ ಒಳಗೆ ಹೋಗಿ ಅತ್ತುಕೊಂಡು ಬಂದಳು. ನೆನ್ನೆ ಎಟುಕುತ್ತಿತ್ತಲ್ಲೇ ಎಂದು ಅಮ್ಮ ಗದರಿದಳು. ಎಷ್ಟೋ ಸಲ ಗದರಿದಳು. ಆಟ ಕಟ್ಟಬೇಡ, ನೆಟ್ಟಗೆ ನಿಲ್ಲು, ಕೂಸಿನ ಹಾಗೆ ತೊದಲಬೇಡ. ಬಾಯಿಪಾಠ ಒಪ್ಪಿಸುತ್ತಿದ್ದ ಹುಡುಗಿ ನೀರಿಗೆ ಮತ್ತೆ 'ನೀಲು' ಎನ್ನತೊಡಗಿದ್ದಳು.

ಸೊಸೆ ತಾನೇ ಮಗಳ ರಕ್ತ ತೆಗೆದಳು. ತಾನೇ ಲ್ಯಾಬಿನ ಮಿಷನ್ನಿಗೆ ಇಟ್ಟಳು. ಎಲ್ಲವೂ ಸರಿ ಇತ್ತು. ಇನ್ನೊಮ್ಮೆ ತೆಗೆದಳು, ಇನ್ನೊಮ್ಮೆ ಸರಿ ಬಂತು. ಡಾಕ್ಟರು ಟಾನಿಕ್ ಬರೆದುಕೊಟ್ಟು, ತಾಯಂದಿರು ಸ್ವಲ್ಪ ಗಾಬರಿ ಜಾಸ್ತಿ ಎಂದರು. ನಡುಮನೆಯ ಬಾಗಿಲ ಚೌಕಟ್ಟಿಗೆ ಏಣಿಯನ್ನು ಒರಗಿಸಿ ಅಪ್ಪ ಎತ್ತರದ ಗೆರೆ ಎಳೆಯುತ್ತಿದ್ದ. ಮಗಳನ್ನು ಅಲ್ಲಿ ನಿಲ್ಲಿಸಿ ಇಬ್ಬರೂ ನೋಡಿದರು. ಅವಳು ಕೊನೆಯ ಗೆರೆಯ ಕೆಳಗಿದ್ದಳು. ಇದರ ಹಿಂದಿನ ಗೆರೆಯ ಕೆಳಗೂ ಇದ್ದಳು. ಗಂಡ ಬಗ್ಗಿ ಚೌಕಟ್ಟನ್ನೇ ತಟ್ಟಿ ನೋಡಿದ, ಮರ ಮೇಲಕ್ಕೆ ಸರಿದಿದೆಯೋ ಎಂಬಂತೆ.

ಆ ದಿನ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತ್ತು, ಏಣಿ ಮನೆಗೆ ಬಂದಿದ್ದಳು. ಗಂಡ ಯಾವುದೋ ಕಟ್ಟಡದ ಲಿಫ್ಟಿನ ಬಾವಿಯಲ್ಲಿದ್ದ. ಬೆಳಗಿನ ಪಾಳಿ ಮುಗಿಸಿ, ಲ್ಯಾಬಿನ ಕೋಟು ಕಳಚುವಷ್ಟೂ ಪುರುಸೊತ್ತಿಲ್ಲದೆ ಸೊಸೆ ಮನೆಗೆ ಬಂದಳು. ಹೊರಗೆ ಬಿಸಿಲಿತ್ತು. ಒಳಗೆ ಸೀಮೆಸುಣ್ಣ ನಾರುತ್ತಿತ್ತು.

ಅತ್ತೆ ಮಂಚದಿಂದ ಅರ್ಧ ಜಾರಿ, ಎಡಗೈಯಲ್ಲಿ ಕಂಬಿ ಹಿಡಿದು ಜೋತಾಡುತ್ತಿದ್ದರು. "ಮಗು ಹಿಂದಿನ ಕೋಣೇಲಿದೆ. ಕರೆದ್ರೆ ಬರ್ತಿಲ್ಲ. ಯಾರ ಜೊತೇಲೋ ಮಾತಾಡ್ತಿದೆ."

"ಯಾರ ಜೊತೆ?"

"ಎರಡು ದನಿ ಕೇಳ್ತಿದೆ." ಅತ್ತೆಯ ತುಟಿ ವಾಲಿತು. "ಎರಡೂ ಅದರದೇ."

ಸೊಸೆ ಕಿವಿಗೊಟ್ಟಳು. ಕೇಳಿತು. ಒಂದು ದನಿ ತೊದಲುತ್ತಿತ್ತು. ಇನ್ನೊಂದು ಬಾಯಿಪಾಠ ಒಪ್ಪಿಸುತ್ತಿತ್ತು.

"ಏನು ಹಾಕ್ದೆ ಚೀಲಕ್ಕೆ?" ಎಂದರು ಅತ್ತೆ. ಸೊಸೆ ಹೇಳಿದಳು. ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತಲೇ ಅತ್ತೆಯನ್ನು ಎತ್ತಿ ಮಂಚಕ್ಕೆ ಒರಗಿಸಿದಳು.

ಅತ್ತೆ ಬೈಯಲಿಲ್ಲ. ಬೈಯುವಷ್ಟು ಹೊತ್ತಿರಲಿಲ್ಲ. ಒಡೆದ ಮಾತುಗಳಲ್ಲಿ ಅವರು ಹೇಳಿದ್ದು ಇಷ್ಟು. ಹಿಂದೊಮ್ಮೆ ಒಬ್ಬಳು ಬಂದು ತನ್ನ ವಾರಗಿತ್ತಿಯ ಅಳತೆದಾರ ಕೊಡು ಎಂದು ಕೇಳಿದಳು. ಒಬ್ಬರ ಪೂರ್ತಿ ಅಳತೆ ಇನ್ನೊಬ್ಬರ ಕೈಗೆ ಸಿಕ್ಕರೆ ಮಾಟಕ್ಕೆ ಬೇರೇನೂ ಬೇಡ. ಅತ್ತೆ ಕೊಡಲಿಲ್ಲ. ಬೇರೆಯವರ ಅಳತೆ ಇಷ್ಟು ಜೋಪಾನ ಮಾಡುತ್ತೀಯಲ್ಲ, ಅಳತೆಯೇ ಇಲ್ಲದ್ದೊಂದು ನಿನ್ನ ಮನೆ ಸೇರಲಿ ಎಂದು ಆಕೆ ಹೊಸ್ತಿಲಿಗೆ ಏನೋ ಸುರಿದು ಹೋದಳು. ಅದು ಸೇರಿತು. ಮೊದಲ ದಿನ ಬೆಕ್ಕಿನ ಮರಿಯಷ್ಟಿತ್ತು. ಹಾಗೇ ಬಿಟ್ಟರೆ ತೊಟ್ಟಿಲನ್ನೂ ಮನೆಯನ್ನೂ ತುಂಬುತ್ತಿತ್ತು. ಹೆದರಿ ನಡುಗುತ್ತಲೇ ಅತ್ತೆ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು: ಅದರ ಅಳತೆ ತೆಗೆದು ಕರಿದಾರಕ್ಕೆ ಗಂಟು ಹಾಕಿದರು, ಅಂಗಿ ಹೊಲಿದು ತೊಡಿಸಿದರು, ಬರಿಮೈಯಲ್ಲಿ ಬಿಡುವುದಿಲ್ಲ ಎಂದು ಮಾತು ಕೊಟ್ಟರು. ಅಂಗಿಯಷ್ಟಕ್ಕೇ ಅದು ನಿಂತಿತು. ಕುತ್ತಿಗೆ ಮುಚ್ಚಿದ ಅಂಗಿ ಕಳಚಿಹೋದರೂ ಆ ಅಳತೆ ಮುಂದಿನ ಚಳಿಯ ತನಕ ಅದನ್ನು ಹಿಡಿದಿಡುತ್ತಿತ್ತು.

"ಕುತ್ತಿಗೆ ಬಿಟ್ರೆ ಹೊರಗೆ ನೋಡ್ತದೆ," ಎಂದರು. "ನೋಡಿದ್ದೆಲ್ಲ ಬೇಕು ಅಂತದೆ. ಉಟ್ಟ ಬಟ್ಟೆ ಕೊಟ್ರೆ ಉಟ್ಟವರ ಅಳತೇನೇ ಎಳ್ಕೊಳ್ತದೆ."

"ಬಿಡಿಸೋದು ಹೇಗೆ ಅತ್ತೆ?"

"ಇನ್ನೊಬ್ಬರದು ಕೊಟ್ರೆ ಇದನ್ನ ಬಿಡ್ತದೆ. ನಂದು ಆಗಲ್ಲ ಮಗಾ. ಹೊಲಿದು ಕೊಟ್ಟ ಕೈನ ಅದು ಮುಟ್ಟಲ್ಲ. ಇಲ್ದಿದ್ರೆ ನಾನು ಇಷ್ಟೊತ್ತಿಗೆ…" ಮುಂದಿನ ಮಾತು ವಾಲಿದ ತುಟಿಯಲ್ಲೇ ನಿಂತಿತು.

ಒಳಗೆ ಬಾಯಿಪಾಠ ನಿಂತಿತು. ತೊದಲೂ ನಿಂತಿತು.

ಸೊಸೆ ಓಡಿದಳು.

ಕೋಣೆ ಖಾಲಿ. ತಾನೇ ಖಾಲಿ ಮಾಡಿದ ಕೋಣೆ. ಗೋಡೆ, ನೆಲ, ಕತ್ತಲು. ಬಾಗಿಲಿಂದ ಒಂದು ಪಟ್ಟಿ ಬೆಳಕು ನೆಲದ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಶಾಲೆಯ ಸಮವಸ್ತ್ರ ಕುಸಿದು ಬಿದ್ದಿತ್ತು. ಬರಿದಾಗಿದೆ ಅಂದುಕೊಂಡಳು. ಅದು ಅಲುಗಿತು. ಕಾಲರಿನೊಳಗೆ ಮುಷ್ಟಿಯಷ್ಟು ಮುಖ. ಏಣಿ. ನಡೆಯಲು ಕಲಿಯುವ ಮುಂಚಿನ ಏಣಿ. ಕಣ್ಣು ಮಾತ್ರ ಹಳೆಯವೇ. ಆ ಕಣ್ಣು ಅಮ್ಮನನ್ನು ಗುರುತಿಸಿದವು. ಬಾಯಿಗೆ ಅಮ್ಮ ಅನ್ನಲು ಬರಲಿಲ್ಲ.

ಬೆಳಕಿನಾಚೆ ಹಳದಿ ಬಣ್ಣ.

ಅದು ಬೆನ್ನು ಹಾಕಿ ನಿಂತಿತ್ತು. ಫ್ರಾಕು ಅದಕ್ಕೆ ಬಿಗಿಯಾಗಿತ್ತು. ಹೊಲಿಗೆಗಳು ಬಾಯಿ ಬಿಡುತ್ತಿದ್ದವು. ತೋಳುಗಳು ನೆಲ ಮುಟ್ಟುತ್ತಿದ್ದವು. ಕುತ್ತಿಗೆಯಿಂದ ಮೇಲೆ ಬಂದದ್ದು ಅತ್ತ ಇತ್ತ ಹೊರಳುತ್ತಿತ್ತು, ಖಾಲಿ ಗೋಡೆಗಳನ್ನು ಅಳೆಯುವಂತೆ. ನಿಧಾನಕ್ಕೆ ಇತ್ತ ತಿರುಗಿತು. ಅದರ ಮೇಲೆ ಏಣಿಯ ನಗು ಇತ್ತು. ಏಣಿಯ ಮುಂದಿನ ಹಲ್ಲಿನ ಸಂದಿಯೂ ಇತ್ತು. ಕಣ್ಣು ಇನ್ನೂ ಬಂದಿರಲಿಲ್ಲ.

"ಅಮ್ಮಾ," ಎಂದಿತು. ಸ್ಪಷ್ಟವಾಗಿ.

ಬಟ್ಟೆ ಬೇಕು. ಏನಾದರೂ. ಒಂದು ಚೂರು. ಸೊಸೆ ಗೋಡೆ ತಡಕಿದಳು. ಮೊಳೆಗಳು. ಬರಿ ಮೊಳೆಗಳು. ಮೂಟೆ ಮೂಟೆ ಬಟ್ಟೆಯಿದ್ದ ಕೋಣೆಯಲ್ಲಿ ಒಂದು ಎಳೆ ಇರಲಿಲ್ಲ. ಕೈ ತನ್ನ ಎದೆಗೇ ಬಂತು. ಕೋಟು. ಬೆಳಗಿನಿಂದ ತೊಟ್ಟದ್ದು, ಬೆವರಿದ್ದು, ತನ್ನದೇ ಮೈಯ ಆಕಾರಕ್ಕೆ ಬಿದ್ದದ್ದು. ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಅಲ್ಲೇ ನಿಲ್ಲುತ್ತಿದ್ದಳು. ಕಳಚಿದಳು.

ಅದರ ಬೆನ್ನಿಗೆ ಕೈ ಹಾಕಿದಳು. ಟಿಚ್. ಒಳಗಿಂದ ಬೆಚ್ಚನೆ ಉಸಿರು. ಟಿಚ್. ಹುಳಿತ ನೆತ್ತಿಯ ನಾತ. ಟಿಚ್. ಫ್ರಾಕು ಜಾರಿತು.

ಬರಿಮೈ. ಅದಕ್ಕೆ ಅಂಚೇ ಇರಲಿಲ್ಲ.

ಬೆಳೆಯಿತು. ಉಬ್ಬಲಿಲ್ಲ, ಹರಡಲಿಲ್ಲ, ಖಾಲಿ ಇದ್ದಲ್ಲೆಲ್ಲ ಇತ್ತು. ಮೂಲೆಯಲ್ಲಿ ಇತ್ತು. ಸೂರಿನಲ್ಲಿ ಇತ್ತು. ಅವಳ ಬೆರಳ ಸಂದಿಯಲ್ಲಿ ಇತ್ತು. ಮೆತ್ತಗೆ, ಬಿಸಿಯಾಗಿ, ಗೋಡೆಗೆ ಒತ್ತಿತು. ಬಾಗಿಲು ತಾನಾಗಿ ತಳ್ಳಿಕೊಂಡು ಮುಚ್ಚಿತು. ಬೆಳಕು ಹೋಯಿತು. ಉಸಿರಿಗೆ ಜಾಗವಿಲ್ಲ. ಕಾಲಬಳಿ ಎಲ್ಲೋ ಕೂಸು ಚೀರಿತು. ಪಕ್ಕೆಲುಬು ಒಳಕ್ಕೆ ಮಡಚಿದಂತಾಯಿತು. ಕೋಟನ್ನು ಎತ್ತಿ ಹಿಡಿದಳು. ತೋಳು ಎಲ್ಲಿ. ತೋಳು ಎಲ್ಲಿ. ಏನೋ ತಣ್ಣಗಿನದು ಬೆರಳಿಗೆ ತಗುಲಿತು. ತೋಳಿನ ತುದಿ. ಹಿಡಿದಳು. ತೂರಿಸಿದಳು. ಇನ್ನೊಂದು. ತೂರಿಸಿದಳು. ಗುಂಡಿ. ಕೆಳಗಿಂದ ಮೇಲಕ್ಕೆ, ಮಗಳಿಗೆ ಹಾಕುವ ಹಾಗೆ, ಒಂದೊಂದೇ.

ಕೊನೆಯ ಗುಂಡಿ ಬಿದ್ದಾಗ ಒತ್ತಡ ಹೋಯಿತು. ಜಾಗವಾಯಿತು.

ಕತ್ತಲಲ್ಲಿ ಅವಳ ಎದುರು ಯಾರೋ ನಿಂತಿದ್ದರು. ಅವಳಷ್ಟೇ ಎತ್ತರ. ಅವಳಂತೆಯೇ ಏದುಸಿರು ಬಿಡುತ್ತಿದ್ದರು. ಕೋಟಿನಿಂದ ಲ್ಯಾಬಿನ ಸ್ಪಿರಿಟ್ ವಾಸನೆ ಬರುತ್ತಿತ್ತು. ಆ ಮುಖ ಅವಳ ಮುಖದ ಹತ್ತಿರಕ್ಕೆ ಬಾಗಿತು, ಕನ್ನಡಿ ಒರೆಸಲು ಬಾಗಿದಂತೆ.

ಸಮವಸ್ತ್ರದ ಗಂಟನ್ನು ತಬ್ಬಿಕೊಂಡು ಅವಳು ಬಾಗಿಲಾಚೆ ಬಿದ್ದಳು. ತಬ್ಬಿದ್ದು ಕೈಯಲ್ಲೇ ತೂಕವಾಗುತ್ತಿತ್ತು.

ಏಣಿ ಮತ್ತೆ ಏಣಿಯಾದಳು. ಕಾಲು ಮತ್ತೆ ಬೆಳೆದ ವೇಗ ನೋಡಿ ಬೂಟಿನ ಅಂಗಡಿಯವ ಕೈಮುಗಿದ. ಆಮೇಲೆ ಸೊಸೆ ಯಾರೂ ಉಡದ ಹೊಸ ಬಟ್ಟೆ ತಂದಳು, ಸೂಜಿ ತಂದಳು. ಅತ್ತೆ ಎಡಗೈಯಲ್ಲಿ ತೋರಿಸುತ್ತ ಹೋದರು, ಅವಳು ಕೈಹೊಲಿಗೆ ಹಾಕುತ್ತ ಹೋದಳು. ಕಲಿಯಲು ಹೊತ್ತು ಹಿಡಿಯಿತು. ಬೆರಳು ಚುಚ್ಚಿಕೊಂಡು, ಹೊಲಿದದ್ದನ್ನು ಬಿಚ್ಚಿ, ಮತ್ತೆ ಹೊಲಿದು, ದೊಡ್ಡವರ ಅಳತೆಯ ಕುತ್ತಿಗೆಯಿಲ್ಲದ ಅಂಗಿ ಸಿದ್ಧವಾಗುವ ಹೊತ್ತಿಗೆ ಅದು ಅವಳಿಂದ ಎಳೆದುಕೊಳ್ಳುವಷ್ಟನ್ನು ಎಳೆದುಕೊಂಡಿತ್ತು. ಅಂಗಿ ತೊಡಿಸಿದ ಮೇಲೆ ನಿಂತಿತು. ಹೋದದ್ದು ಬರಲಿಲ್ಲ, ಬರಬೇಕಾದರೆ ಇನ್ನೊಬ್ಬರದು ಕೊಡಬೇಕು. ಅದನ್ನು ಮತ್ತೆ ಚಿಕ್ಕದಾಗಿಸಬಹುದಾಗಿದ್ದ ಆ ಕರಿದಾರವನ್ನು ಅವಳು ಊರಾಚೆಯ ಕಸದ ದಿಬ್ಬದಲ್ಲಿ ರಜೆ ಹಾಕಿ ಹಾಕಿ ಹುಡುಕಿದ್ದಾಳೆ. ಸಿಕ್ಕಿಲ್ಲ.

ಈಗ ಲ್ಯಾಬಿನಲ್ಲಿ ಅವಳಿಗೆ ನಿಲ್ಲಲು ಒಂದು ಸ್ಟೂಲಿದೆ. ಯಾವ ಡಯಟ್ಟೇ, ನಮಗೂ ಹೇಳೇ ಎಂದು ಮೊದಮೊದಲು ಕೇಳುತ್ತಿದ್ದ ಜೊತೆಯವರು ಈಗ ಕೇಳುವುದಿಲ್ಲ. ಬಟ್ಟೆಯನ್ನು ಮಕ್ಕಳ ಅಂಗಡಿಯಲ್ಲಿ ಕೊಳ್ಳುತ್ತಾಳೆ. ಬಾಗಿಲ ಚೌಕಟ್ಟಿನಲ್ಲಿ ಗಂಡ ಅವಳದೂ ಒಂದು ಗೆರೆ ಎಳೆದಿದ್ದಾನೆ. ಏಣಿಯ ಗೆರೆ ಅದನ್ನು ದಾಟಿತು. ಮನೆ ನೋಡಲು ಬಂದವರು, ಎಷ್ಟು ಚೊಕ್ಕವಾಗಿ ಇಟ್ಟುಕೊಂಡಿದ್ದೀರಿ, ಒಂದು ಕಡ್ಡಿಯೂ ಹೆಚ್ಚು ಕಾಣುವುದಿಲ್ಲ, ಬದುಕಿದರೆ ಹೀಗೆ ಹಗುರಾಗಿ ಬದುಕಬೇಕು ಎನ್ನುತ್ತಾರೆ. ಆಗ ಹಿಂದಿನ ಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ಅದು ಅವಳ ಕೆಮ್ಮೇ. ಅವಳು ಬಂದವರ ಎದುರು ಕುಳಿತು, ತುಟಿ ಬಿಗಿದು, ಕೇಳದವಳಂತೆ ಇರುತ್ತಾಳೆ.

ಅತ್ತೆ ತೀರಿಕೊಂಡರು. ಈ ವರ್ಷವೂ ಚಳಿ ಬೀಳುವ ಮೊದಲು ಅವಳು ಹೊಸ ಅಂಗಿ ಹೊಲಿದು, ಕುತ್ತಿಗೆ ಮುಚ್ಚಿ, ಮೊಳೆಗೆ ಹಾಕಿದಳು.

ಅತ್ತೆ ಕೊಟ್ಟ ಮಾತು ಉಳಿದಿದೆ.